ನಮ್ಮ ಕೆಲಸಕ್ಕೂ ಒಂದು ರೇಟ್ ಬೋರ್ಡ್ ಹಾಕಿಸಿ

ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

(ಕಾರ್ಮಿಕ ಸಚಿವರೂ ದಯವಿಟ್ಟು ಓದಬೇಕು.)

ವಿಷಯ: ಆನಿಮೇಷನ್, ವಿಎಫ್ಎಕ್ಸ್ ಕೋರ್ಸ್‌ಗಳಿಗೆ ಸೇರುವ ಮಕ್ಕಳಿಗೆ ಕೆಲಸ, ಸಂಬಳದ ನಿಜವಾದ ಲೆಕ್ಕ ತಿಳಿಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನವಳು. ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ವಿಎಫ್ಎಕ್ಸ್, ಅಂದರೆ ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರಿನಲ್ಲಿ ವಿಶೇಷ ಪರಿಣಾಮ ಸೇರಿಸುವ ಕೆಲಸ ಮಾಡುತ್ತಿದ್ದೇನೆ. ಮೊದಲು ರೋಟೋ (ದೃಶ್ಯದಲ್ಲಿರುವವರನ್ನು ಹಿನ್ನೆಲೆಯಿಂದ ಬಿಡಿಸುವುದು), ಆಮೇಲೆ ಪೇಂಟ್ (ಬೇಡದ್ದನ್ನು ಅಳಿಸುವುದು), ಈಗ ಕಾಂಪೋಸಿಟಿಂಗ್ (ಎಲ್ಲವನ್ನೂ ಒಂದೇ ದೃಶ್ಯವಾಗಿ ಜೋಡಿಸುವುದು). ನೀವು ಪರದೆಯ ಮೇಲೆ ನೋಡುವ ದೊಡ್ಡ ದೊಡ್ಡ ಯುದ್ಧ, ಬೆಂಕಿ, ಪ್ರವಾಹದ ಹಿಂದೆ ಕತ್ತಲೆ ಕೋಣೆಯಲ್ಲಿ ಕೂತು ಅಂಚು ತಿದ್ದುವವರಲ್ಲಿ ಒಬ್ಬಳು. ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಅಷ್ಟು ಹೊತ್ತಿಗೆ ಜನ ಎದ್ದು ಪಾರ್ಕಿಂಗ್‌ಗೆ ಹೋಗಿರುತ್ತಾರೆ. ಹೋಗಲಿ ಬಿಡಿ, ಎಷ್ಟೋ ಸಲ ಅಲ್ಲೂ ನಮ್ಮ ಹೆಸರು ಇರುವುದಿಲ್ಲ.

ತಮ್ಮನ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಅವನು ಈ ವರ್ಷ ಪಿಯುಸಿ ಮುಗಿಸಿದ. ಆನಿಮೇಷನ್‌ಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ನಾನು ಬೇಡ ಎಂದಾಗಲೆಲ್ಲ ಮೊಬೈಲ್ ತೆಗೆದು ಒಂದೊಂದು ಸುದ್ದಿ ತೋರಿಸುತ್ತಾನೆ. 2026ರ ಕೇಂದ್ರ ಬಜೆಟ್‌ನಲ್ಲಿ 15,000 ಪ್ರೌಢಶಾಲೆ ಮತ್ತು 500 ಕಾಲೇಜುಗಳಲ್ಲಿ ಎವಿಜಿಸಿ (ಆನಿಮೇಷನ್, ವಿಎಫ್ಎಕ್ಸ್, ಗೇಮಿಂಗ್, ಕಾಮಿಕ್ಸ್) ಲ್ಯಾಬ್ ಮಾಡುತ್ತೇವೆ ಎಂದರು. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ಜನ ಬೇಕು ಎಂದರು. ನಿಮ್ಮದೇ 2024ರ ಎವಿಜಿಸಿ-ಎಕ್ಸ್‌ಆರ್ ನೀತಿ 30,000 ಹೊಸ ಉದ್ಯೋಗದ ಗುರಿ ಇಟ್ಟಿದೆ. "ಅಕ್ಕಾ, ಸರ್ಕಾರಾನೇ ಹೇಳ್ತಿದೆ. ನೀನ್ಯಾಕೆ ಹೆದರಿಸ್ತೀಯಾ?" ಅನ್ನುತ್ತಾನೆ.

ಅವನಿಗೆ ನಾನು ಏನು ಹೇಳಬೇಕು, ಸರ್?

ಕಳೆದ ತಿಂಗಳು ಅವನ ಜೊತೆ ಒಂದು ತರಬೇತಿ ಸಂಸ್ಥೆಗೆ ಹೋಗಿದ್ದೆ. ಹೆಸರು ಬೇಡ. ನಾನು ಓದಿದ ಸಂಸ್ಥೆಯದೇ ಇನ್ನೊಂದು ಬ್ರಾಂಚ್. ಎಸಿ ಕೋಣೆ, ದೊಡ್ಡ ಟಿವಿ, ಟಿವಿಯಲ್ಲಿ ಹಾಲಿವುಡ್ ಸಿನಿಮಾದ ಡ್ರ್ಯಾಗನ್. ಆ ಡ್ರ್ಯಾಗನ್‌ಗೂ ಆ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತು, ತಮ್ಮನಿಗೆ ಗೊತ್ತಿಲ್ಲ. ಕೌನ್ಸೆಲರ್ ಮೇಡಂ ತುಂಬಾ ಚೆನ್ನಾಗಿ ಮಾತಾಡಿದರು. ಎರಡು ವರ್ಷದ ಕೋರ್ಸ್, 2 ಲಕ್ಷ 80 ಸಾವಿರ. ಸಾಫ್ಟ್‌ವೇರ್ ಶುಲ್ಕ ಬೇರೆ, 25 ಸಾವಿರ. ದುಡ್ಡಿಲ್ಲದಿದ್ದರೆ ಚಿಂತೆ ಬೇಡ, ಫೈನಾನ್ಸ್ ಕಂಪನಿಯವರು ಇಲ್ಲೇ ಕೂತಿದ್ದಾರೆ, ಆಧಾರ್ ಸಾಕು.

"ಕಳೆದ ಬ್ಯಾಚ್‌ನಲ್ಲಿ ಎಷ್ಟು ಜನ ಇದ್ದರು? ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ಮೊದಲ ಸಂಬಳ ಎಷ್ಟು?" ಎಂದು ಕೇಳಿದೆ.

"ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಇದೆ ಮ್ಯಾಮ್" ಎಂದರು.

ಗೋಡೆಯ ಮೇಲೂ ಹಾಗೇ ಇತ್ತು. 100% ಪ್ಲೇಸ್‌ಮೆಂಟ್ ಎನ್ನುವುದು ಕೈಯಗಲದ ಅಕ್ಷರದಲ್ಲಿ, ಅದರ ಕೆಳಗೆ ಅಸಿಸ್ಟೆನ್ಸ್, ಅಂದರೆ ಕೆಲಸ ಹುಡುಕಲು ಸಹಾಯ ಅಷ್ಟೇ, ಎನ್ನುವುದು ಇರುವೆ ಸಾಲಿನ ಹಾಗೆ. ಅದರ ಪಕ್ಕದಲ್ಲಿ ಕೆಲಸ ಸಿಕ್ಕವರ ಫೋಟೋಗಳು. ಮೂರನೇ ಸಾಲಿನಲ್ಲಿ ಎಡಗಡೆಯಿಂದ ಎರಡನೆಯದು ನಾನು! 2017ರ ಫೋಟೋ, ಎರಡು ಜಡೆ, ಕೆಳಗೆ ನನ್ನ ಮೊದಲ ಕಂಪನಿಯ ಹೆಸರು. ಆ ಕಂಪನಿ ಮುಚ್ಚಿ ಎರಡು ವರ್ಷವಾಯಿತು. ಮುಚ್ಚುವಾಗ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರು, ಇವತ್ತಿನವರೆಗೂ ಬಂದಿಲ್ಲ. ನನ್ನ ಪಕ್ಕದ ಫೋಟೋದಲ್ಲಿದ್ದ ಹುಡುಗ ಈಗ ಹಾಸನದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನ ಪಕ್ಕದವಳು ಮದುವೆಯಾಗಿ ಕೆಲಸ ಬಿಟ್ಟಳು. ಆ ಗೋಡೆಯ ಪ್ರಕಾರ ನಾವೆಲ್ಲ ಇನ್ನೂ 'ಪ್ಲೇಸ್ಡ್'.

ತಮ್ಮ ಆ ಫೋಟೋ ನೋಡಿ ಖುಷಿಪಟ್ಟ. "ಅಕ್ಕಾ, ನೀನು!" ಎಂದ. ಕೌನ್ಸೆಲರ್ ಮೇಡಂಗೂ ಖುಷಿಯಾಯಿತು. ನನ್ನನ್ನು ತೋರಿಸಿ ಇನ್ನೊಬ್ಬ ತಂದೆ-ಮಗನಿಗೆ ಹೇಳಿದರು, "ನೋಡಿ ಸರ್, ನಮ್ಮ ಸ್ಟೂಡೆಂಟೇ. ಈಗ ಸೀನಿಯರ್ ಆರ್ಟಿಸ್ಟ್." ಆ ತಂದೆ ನನಗೆ ಕೈಮುಗಿದರು. ನಾನು ಏನೂ ಹೇಳಲಿಲ್ಲ. ಆವತ್ತು ಸುಮ್ಮನಿದ್ದುದಕ್ಕೆ ಈ ಪತ್ರ ಎಂದುಕೊಳ್ಳಿ.

ಆ ಗೋಡೆ ಹೇಳದೇ ಇದ್ದುದನ್ನು ಇಲ್ಲಿ ಹೇಳುತ್ತೇನೆ.

ನನ್ನ ಕೋರ್ಸಿಗೆ ಅಪ್ಪ ಕೊಬ್ಬರಿ ಮಾರಿದ ದುಡ್ಡಿನ ಜೊತೆ ಅಮ್ಮನ ಸರ ಅಡ ಇಟ್ಟರು. ಕೋರ್ಸ್ ಮುಗಿದ ಮೇಲೆ ಆರು ತಿಂಗಳು ಟ್ರೈನಿ. ತಿಂಗಳಿಗೆ 6,000 ಸ್ಟೈಪೆಂಡ್, ಪಿಜಿ ಬಾಡಿಗೆ 5,500. ಮಿಕ್ಕ 500ರಲ್ಲಿ ಬಿಎಂಟಿಸಿ ಬಸ್ಸಿನ ಖರ್ಚೂ ಹುಟ್ಟುತ್ತಿರಲಿಲ್ಲ, ಅಪ್ಪನೇ ಕಳಿಸುತ್ತಿದ್ದರು. ಕನ್ಫರ್ಮ್ ಆದ ಮೇಲೆ 12,000. ಒಂಬತ್ತು ವರ್ಷವಾದ ಮೇಲೆ ಇವತ್ತು ಕೈಗೆ ಬರುವುದು 38,000. ನನ್ನ ಜೊತೆ ಓದಿದವರ ಪೈಕಿ ನಾನು ಅದೃಷ್ಟವಂತೆ.

ಮೊದಲ ಕಂಪನಿ ಮುಚ್ಚಿದ ಮೇಲೆ ಬೇರೆ ಕೆಲಸ ಹುಡುಕುವಾಗ ಒಂದು ಸ್ಟುಡಿಯೋದವರು ಟೆಸ್ಟ್ ಕೊಟ್ಟರು. ಒಂದು ಶಾಟ್ ಕಳಿಸುತ್ತೇವೆ, ಮೂರು ದಿನದಲ್ಲಿ ಮುಗಿಸಿ ಕಳಿಸಿ, ನೋಡಿ ಹೇಳುತ್ತೇವೆ ಎಂದರು. ಮಳೆಯಲ್ಲಿ ಓಡುವ ಹೀರೋ, ಕಟ್ಟಿದ ತಂತಿಯನ್ನು ಅಳಿಸಬೇಕು. ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿ ಕಳಿಸಿದೆ. ಉತ್ತರ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಟ್ರೈಲರ್‌ನಲ್ಲಿ ಆ ಶಾಟ್ ನೋಡಿದೆ. ಅದೇ ಮಳೆ, ಅದೇ ಓಟ. ಎಡ ಭುಜದ ಹತ್ತಿರ ನಾನು ಮಾಡಿದ್ದ ಒಂದು ಸಣ್ಣ ತಪ್ಪೂ ಹಾಗೇ ಇತ್ತು. ಅದಿದ್ದುದರಿಂದಲೇ ನನ್ನದು ಎಂದು ಖಚಿತವಾಗಿದ್ದು. ಇದನ್ನು ಗೆಳತಿಯರಿಗೆ ಹೇಳಿದರೆ ಒಬ್ಬಳಿಗೂ ಆಶ್ಚರ್ಯವಾಗಲಿಲ್ಲ. "ನಂದೂ ಎರಡು ಹೋಗಿದೆ ಕಣೇ" ಅಂದರು.

ಊರಿಗೆ ಹೋದಾಗ ಅಪ್ಪ ಒಂದು ಮಾತು ಕೇಳಿದರು. "ಕೊಬ್ಬರಿ ಟೆಂಡರ್ ಆದ ಅರ್ಧ ಗಂಟೆಗೆ ಇವತ್ತಿನ ರೇಟ್ ಏನು ಅಂತ ಇಡೀ ತಾಲ್ಲೂಕಿಗೇ ಗೊತ್ತಾಗುತ್ತೆ. ಕಾಯಿ ಸುಲಿಯೋನಿಗೂ ಸಾವಿರ ಕಾಯಿಗೆ ಇಷ್ಟು ಅಂತ ಮೊದಲೇ ಮಾತಾಗಿರುತ್ತೆ. ನಿಮ್ಮ ಕೆಲಸದ ರೇಟ್ ಎಲ್ಲಿ ಬರೆದಿರ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಉಂಡೆ ಕೊಬ್ಬರಿಗೆ 2025ರಲ್ಲಿ ಕ್ವಿಂಟಾಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಎಂದು ಸರ್ಕಾರವೇ ಗೊತ್ತು ಮಾಡಿತ್ತು. ಮಾರುಕಟ್ಟೆ ಮೇಲೆ ಹೋಗಲಿ ಕೆಳಗೆ ಬರಲಿ, ಅಪ್ಪನಿಗೆ ಲೆಕ್ಕ ಹಾಕಲು ಒಂದು ಅಂಕಿ ಇದೆ. ಲಕ್ಷಗಟ್ಟಲೆ ಕಟ್ಟಿ ಕೋರ್ಸ್ ಸೇರುವ ಮಗನಿಗೆ ಅಂಥ ಒಂದು ಅಂಕಿಯೂ ಇಲ್ಲ.

ಇನ್ನು ಕೆಲಸ ಎಲ್ಲಿಂದ ಬರುತ್ತದೆ ಎನ್ನುವ ವಿಷಯ. ಬೆಂಗಳೂರಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಹೊರದೇಶದ್ದು. ಅಲ್ಲಿ ಸೀನಿದರೆ ಇಲ್ಲಿ ನೆಗಡಿ. 2023ರಲ್ಲಿ ಹಾಲಿವುಡ್‌ನ ಬರಹಗಾರರು ಮೇ ತಿಂಗಳಿಂದ 148 ದಿನ ಮುಷ್ಕರ ಮಾಡಿದರು, ನಟರು ಜುಲೈಯಿಂದ 118 ದಿನ. ಅವರ ಬೇಡಿಕೆ ನ್ಯಾಯವಾದದ್ದೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಶೂಟಿಂಗ್ ನಿಂತರೆ ಆರು ತಿಂಗಳ ಮೇಲೆ ನಮ್ಮ ಟೇಬಲ್ ಖಾಲಿ. ನಮ್ಮ ಸ್ಟುಡಿಯೋ ಮುಚ್ಚಿದ್ದು ಆ ಬರದಲ್ಲೇ. ಆಮೇಲೆ 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ವಿಎಫ್ಎಕ್ಸ್ ಕಂಪನಿ ಟೆಕ್ನಿಕಲರ್ ಕುಸಿದುಬಿತ್ತು. ಬೆಂಗಳೂರು, ಮುಂಬೈ ಎರಡೂ ಕಡೆ ಸೇರಿ ಸುಮಾರು 3,000 ಜನ ಬೀದಿಗೆ ಬಂದರು ಎಂದು ಪತ್ರಿಕೆಗಳಲ್ಲಿ ಬಂತು. ಅದರಡಿ ಇದ್ದ ಎಂಪಿಸಿ ಆಸ್ಕರ್ ಗೆದ್ದ ಸ್ಟುಡಿಯೋ. ಇದು ಮೊದಲ ಸಲವೂ ಅಲ್ಲ. 2013ರ ಫೆಬ್ರವರಿಯಲ್ಲಿ ರಿದಮ್ ಆ್ಯಂಡ್ ಹ್ಯೂಸ್ ಎಂಬ ಅಮೆರಿಕದ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳಲ್ಲಿ ಅದರ ಕೆಲಸಕ್ಕೆ ಆಸ್ಕರ್ ಬಂತು. ಕಲೆಗೆ ಚಿನ್ನದ ಗೊಂಬೆ, ಕಲಾವಿದನಿಗೆ ಮನೆ ದಾರಿ.

ಯಾಕೆ ಹೀಗೆ ಅಂದರೆ, ನಮ್ಮಲ್ಲಿ ಕೆಲಸ ಒಪ್ಪಿಕೊಳ್ಳುವುದು ಶಾಟ್ ಲೆಕ್ಕದಲ್ಲಿ, ಮೊದಲೇ ಮಾತಾದ ರೇಟಿಗೆ. ನಿರ್ದೇಶಕರು ಇಪ್ಪತ್ತು ಸಲ ಬದಲಾಯಿಸಿದರೂ ರೇಟ್ ಅದೇ. ಇಪ್ಪತ್ತನೇ ಬದಲಾವಣೆಯ ರಾತ್ರಿಯನ್ನು ಕೂತು ಕಳೆಯುವವರು ನಾವು, ಓವರ್‌ಟೈಮ್ ಎಂಬ ಪದವನ್ನೇ ಕೇಳದವರು.

ಈಗ ಎಐ. ಇದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾನು ನನ್ನ ಟೇಬಲ್ ಮೇಲೆ ಏನಾಯಿತು ಎಂದು ಮಾತ್ರ ಹೇಳುತ್ತೇನೆ. ರೋಟೋ ಅಂದರೆ ದೃಶ್ಯದಲ್ಲಿರುವ ಮನುಷ್ಯನ ಸುತ್ತ ಗೆರೆ ಹಾಕಿ ಅವನನ್ನು ಹಿನ್ನೆಲೆಯಿಂದ ಬಿಡಿಸುವುದು. ಒಂದು ಸೆಕೆಂಡಿಗೆ 24 ಫ್ರೇಮ್. ನಾಲ್ಕು ಸೆಕೆಂಡಿನ ಶಾಟ್ ಅಂದರೆ 96 ಚಿತ್ರ. ನಾಯಕಿಯ ಕೂದಲು ಗಾಳಿಗೆ ಹಾರುತ್ತಿದ್ದು ಹಿಂದೆ ಬಿದಿರು ಮೆಳೆ ಇದ್ದರೆ ದೇವರೇ ಗತಿ. ಎಳೆ ಎಳೆಯಾಗಿ ಹಿಡಿಯಬೇಕು. ನಾನು ಅಂಥದ್ದಕ್ಕೆ ಮೂರು ದಿನ ತೆಗೆದುಕೊಳ್ಳುತ್ತಿದ್ದೆ. ಈಗ ಒಂದು ಬಟನ್ ಒತ್ತಿದರೆ ಕೆಲವು ನಿಮಿಷದಲ್ಲಿ ಮುಕ್ಕಾಲು ಭಾಗ ಬಂದುಬಿಡುತ್ತದೆ. ಮಿಕ್ಕ ಕಾಲು ಭಾಗದಲ್ಲಿ ಅಂಚು ನಡುಗುತ್ತದೆ, ಕಿವಿ ಒಮ್ಮೆ ಇರುತ್ತದೆ ಒಮ್ಮೆ ಇರುವುದಿಲ್ಲ. ಅದನ್ನು ತಿದ್ದಲು ನನಗೆ ಇನ್ನೂ ಒಂದೂವರೆ ದಿನ ಬೇಕು. ಕೊಡುವುದು ಅರ್ಧ ದಿನ.

2025ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರು ತಮ್ಮ ಅರ್ಜೆಂಟೀನಾ ಸರಣಿಯೊಂದರಲ್ಲಿ ಕಟ್ಟಡ ಕುಸಿಯುವ ದೃಶ್ಯವನ್ನು ಎಐ ಬಳಸಿ ಹತ್ತು ಪಟ್ಟು ಬೇಗ ಮುಗಿಸಿದೆವು ಎಂದು ಹೆಮ್ಮೆಯಿಂದ ಹೇಳಿದರು. ಬೇಗ ಆಗಲಿ, ಬೇಡ ಅನ್ನುವವರು ಯಾರು? ನನ್ನ ತಕರಾರು ಬೇರೆ. ನಮ್ಮಂಥ ಊರಿನ ಮಕ್ಕಳು ಈ ಕೆಲಸಕ್ಕೆ ಕಾಲಿಡುವ ಮೊದಲ ಮೆಟ್ಟಿಲೇ ರೋಟೋ, ಪೇಂಟ್, ಕ್ಯಾಮೆರಾ ಚಲನೆಗೆ ಕಂಪ್ಯೂಟರ್ ಚಿತ್ರವನ್ನು ಹೊಂದಿಸುವ ಮ್ಯಾಚ್‌ಮೂವ್. ಇಂಗ್ಲಿಷ್ ಬರದಿದ್ದರೂ ಕಣ್ಣು ಚುರುಕಿದ್ದರೆ ಹತ್ತಬಹುದಾಗಿದ್ದ ಮೆಟ್ಟಿಲು. ಅದನ್ನೇ ಯಂತ್ರ ನುಂಗುತ್ತಿದೆ. ಆದರೆ ತಮ್ಮನ ಕೈಗೆ ಕೊಟ್ಟ ಕೋರ್ಸ್ ಪುಸ್ತಕದಲ್ಲಿ ಮೊದಲ ಎಂಟು ತಿಂಗಳು ಅದೇ ರೋಟೋ, ನಾನು ಕಲಿತದ್ದೇ, ಅದೇ ಕ್ರಮದಲ್ಲಿ. ಬದಲಾಗಿದ್ದು ಫೀಸು ಮಾತ್ರ.

ಸಾಫ್ಟ್‌ವೇರ್ ಶುಲ್ಕದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುತ್ತದೆ. ಮಾಯಾ ಎಂಬ ಆನಿಮೇಷನ್ ಸಾಫ್ಟ್‌ವೇರ್ ಮಾಡುವ ಆಟೋಡೆಸ್ಕ್ ಕಂಪನಿ ಅರ್ಹ ವಿದ್ಯಾರ್ಥಿಗಳಿಗೆ ಅದನ್ನು ಪುಕ್ಕಟೆ ಕೊಡುತ್ತದೆ. ಕಾಂಪೋಸಿಟಿಂಗ್‌ಗೆ ಬಳಸುವ ನ್ಯೂಕ್‌ಗೆ ಕಲಿಯುವವರಿಗೆಂದು ಪುಕ್ಕಟೆ ಆವೃತ್ತಿ ಇದೆ. ಬ್ಲೆಂಡರ್ ಎಂಬ ಆನಿಮೇಷನ್ ಸಾಫ್ಟ್‌ವೇರ್ ಅಂತೂ ಎಲ್ಲರಿಗೂ ಪೂರ್ತಿ ಪುಕ್ಕಟೆ. ಅದರಲ್ಲೇ ಮಾಡಿದ ಲಾಟ್ವಿಯಾ ದೇಶದ ಚಿತ್ರವೊಂದಕ್ಕೆ 2025ರ ಮಾರ್ಚ್‌ನಲ್ಲಿ ಆನಿಮೇಷನ್ ಆಸ್ಕರ್ ಬಂತು. ಹಾಗಾದರೆ 25 ಸಾವಿರ ಯಾವುದಕ್ಕೆ?

ಈಗ ಕಾನೂನಿನ ವಿಷಯ. ಇದನ್ನು ಓದಿದಾಗ ನಾನೇ ಬೆಚ್ಚಿದೆ. ನೌಕರಿಯ ಷರತ್ತು, ರಜೆ, ಶಿಸ್ತು ಕ್ರಮ, ಕೆಲಸದಿಂದ ತೆಗೆಯುವುದು, ಇವನ್ನೆಲ್ಲ ಬರವಣಿಗೆಯಲ್ಲಿ ಇಡಬೇಕು ಎನ್ನುವ ಸ್ಥಾಯಿ ಆದೇಶಗಳ ಕಾಯ್ದೆ 1946ರಿಂದ ಇತ್ತು. ಅದರಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಆ ಪಟ್ಟಿಯಲ್ಲಿ ಆನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಎಂದು ಹೆಸರು ಹಿಡಿದೇ ಬರೆದಿತ್ತು. 2019ರಲ್ಲಿ ಐದು ವರ್ಷಕ್ಕೆ ಕೊಟ್ಟರು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದರು. ಸುಮ್ನೆ ಕೊಡಲಿಲ್ಲ, ಷರತ್ತು ಹಾಕಿದ್ದರು. ಮಾಲೀಕರ ಕಡೆಯವರೂ ನೌಕರರ ಕಡೆಯವರೂ ಸಮ ಸಮ ಇರುವ ದೂರು ಸಮಿತಿ ಇರಬೇಕು. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು.

ನಾನು ಮೂರು ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೇನೆ. ಇಂಥ ದೂರು ಸಮಿತಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ಸಂಬಳ ಬಾಕಿ ಉಳಿದಾಗ ಎಚ್ಆರ್ ಹುಡುಗಿಯನ್ನು ಕೇಳಿದರೆ ಅವಳ ಸಂಬಳವೂ ಬಂದಿರಲಿಲ್ಲ, ಪಾಪ. ಈಗ 2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಆ ವಿನಾಯಿತಿ, ಆ ಷರತ್ತು ಎಲ್ಲ ನಮ್ಮ ಪಾಲಿಗೆ ಏನಾದವು ಎಂದು ಕಾರ್ಮಿಕ ಸಚಿವರು ಕನ್ನಡದಲ್ಲಿ, ಒಂದೇ ಪುಟದಲ್ಲಿ ಹೇಳಿದರೆ ಉಪಕಾರ. ಮಾರ್ವೆಲ್ ಸ್ಟುಡಿಯೋದ ವಿಎಫ್ಎಕ್ಸ್ ನೌಕರರು 2023ರ ಸೆಪ್ಟೆಂಬರ್‌ನಲ್ಲಿ ಒಂದೂ ವಿರೋಧ ಮತವಿಲ್ಲದೆ ಸಂಘ ಕಟ್ಟಿಕೊಂಡರು. ಅವರು ಮಾಡಿದ ದೃಶ್ಯಗಳ ಅಂಚು ತಿದ್ದುವ ನಮಗೆ ಒಂದು ದೂರು ಸಮಿತಿಯಾದರೂ ಬೇಡವೇ?

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ಕ್ಷೇತ್ರಕ್ಕೆಂದೇ 2012ರಲ್ಲೇ ನೀತಿ ತಂದ ರಾಜ್ಯ ನಮ್ಮದು. ಬೆಂಗಳೂರಿನ ಮಹದೇವಪುರದಲ್ಲಿ ಇದಕ್ಕೆಂದೇ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ. ಕನ್ನಡದ ಕೆಜಿಎಫ್‌ಗೆ ವಿಶೇಷ ಪರಿಣಾಮಗಳ ರಾಷ್ಟ್ರ ಪ್ರಶಸ್ತಿ ಬಂದಾಗ ನಾವು ಆಫೀಸಿನಲ್ಲಿ ಮೈಸೂರುಪಾಕ್ ಹಂಚಿದ್ದೆವು, ನಮ್ಮ ಸ್ಟುಡಿಯೋ ಅದರಲ್ಲಿ ಇರದಿದ್ದರೂ. 2025ರಲ್ಲಿ ಹೊಂಬಾಳೆಯವರು ಅರ್ಪಿಸಿದ ನರಸಿಂಹನ ಆನಿಮೇಷನ್ ಚಿತ್ರಕ್ಕೆ ಊರಲ್ಲಿ ಅಜ್ಜಿಯರೂ ಬಸ್ ಹತ್ತಿ ಹೋದರು. ನೋಡುವವರು ಇದ್ದಾರೆ, ಮಾಡುವ ಕೈಗಳೂ ಇವೆ. ನನಗೂ ಈ ಕೆಲಸ ಅಂದರೆ ಇವತ್ತಿಗೂ ಪ್ರಾಣ. ಒಂದು ಶಾಟ್ ಸರಿಯಾಗಿ ಕೂತ ಕ್ಷಣ ಇರುತ್ತದಲ್ಲ, ನೋಡುವವನಿಗೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದೇ ಗೊತ್ತಾಗದ ಹಾಗೆ, ಅದಕ್ಕೆ ಸಮನಾದದ್ದು ನನಗೆ ಬೇರೆ ಸಿಕ್ಕಿಲ್ಲ.

ತಮ್ಮನಿಗೂ ಆ ಕೈ ಇದೆ. ಅದೇ ನನ್ನ ಕಷ್ಟ. ದಡ್ಡನಾಗಿದ್ದರೆ ಬೇಡ ಅನ್ನುವುದು ಸುಲಭವಿತ್ತು. ಸಂಕ್ರಾಂತಿ ರಜೆಯಲ್ಲಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್ ಹಾಕಿಕೊಂಡು ಅಜ್ಜಿ ಒರಳಲ್ಲಿ ಚಟ್ನಿ ರುಬ್ಬುವುದನ್ನು ಮಾಡಿದ್ದ. ಆರು ಸೆಕೆಂಡ್, 144 ಫ್ರೇಮ್. ಬಣ್ಣ ಸರಿಯಿಲ್ಲ, ಬೆಳಕು ಸರಿಯಿಲ್ಲ. ಆದರೆ ಗುಂಡು ತಿರುಗುವಾಗ ಅಜ್ಜಿಯ ಮೈಯೆಲ್ಲ ಅದರ ಜೊತೆ ಒಂಚೂರು ವಾಲುತ್ತದೆ, ಮಧ್ಯೆ ಒಮ್ಮೆ ನಿಲ್ಲಿಸಿ ಎಡಗೈಯಲ್ಲಿ ಚಟ್ನಿ ಒಳಕ್ಕೆ ತಳ್ಳುತ್ತಾಳೆ. ಕಲ್ಲಿನ ತೂಕ ಕಾಣುತ್ತದೆ. ಆ ತೂಕವನ್ನು ಯಾವ ಕೋರ್ಸೂ ಎರಡು ವರ್ಷದಲ್ಲಿ ಕೊಡುವುದಿಲ್ಲ, ಅವನು ಅಡುಗೆಮನೆಯಲ್ಲಿ ಕೂತು ನೋಡಿ ಕಲಿತಿದ್ದಾನೆ. ಅದನ್ನು ನೋಡಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅಪ್ಪ ಕೇಳಿದ ರೇಟ್ ಬೋರ್ಡ್. ಆನಿಮೇಷನ್, ವಿಎಫ್ಎಕ್ಸ್, ಗೇಮಿಂಗ್ ಕಲಿಸುತ್ತೇವೆ ಎಂದು ಫೀಸು ತೆಗೆದುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಪ್ರತಿ ಬ್ಯಾಚಿನ ಲೆಕ್ಕವನ್ನು ಬಾಗಿಲಲ್ಲೇ ಹಾಕಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಇದೇ ಕೆಲಸ ಸಿಕ್ಕಿತು, ಮೊದಲ ಸಂಬಳ ಎಷ್ಟು, ಒಂದು ವರ್ಷ ಆದ ಮೇಲೆ ಎಷ್ಟು ಜನ ಉಳಿದಿದ್ದಾರೆ. ಕನ್ನಡದಲ್ಲಿ, ಎಲ್ಲ ಅಂಕಿಯೂ ಒಂದೇ ಸೈಜಿನ ಅಕ್ಷರದಲ್ಲಿ. ಹಳೇ ಫೋಟೋ ಹಾಕುವುದಾದರೆ ವರ್ಷವನ್ನೂ ಹಾಕಲಿ. ನಿಮ್ಮ 30,000 ಉದ್ಯೋಗದ ಲೆಕ್ಕವೂ ಇದೇ ಬೋರ್ಡಿನಲ್ಲಿ ಬರಲಿ. ನೀತಿ ಬಂದು ಎರಡು ವರ್ಷ ದಾಟಿತು. ಎಷ್ಟು ಉದ್ಯೋಗ ಆಯಿತು, ಅದೇ ಹೊತ್ತಿನಲ್ಲಿ ಎಷ್ಟು ಹೋಯಿತು, ಎರಡನ್ನೂ ಹೇಳಿ.

ಆಮೇಲೆ ಸಾಲ. ಕ್ಲಾಸ್ ನಿಂತರೂ, ಬ್ರಾಂಚ್ ಮುಚ್ಚಿದರೂ ಫೈನಾನ್ಸ್ ಕಂಪನಿಯ ಕಂತು ನಿಲ್ಲುವುದಿಲ್ಲ. ಪೂರ್ತಿ ದುಡ್ಡು ಸಂಸ್ಥೆಗೆ ಮೊದಲೇ ಹೋಗಿರುತ್ತದೆ. ಕಲಿಸಿದಷ್ಟಕ್ಕೆ ಫೀಸು, ಬಿಟ್ಟರೆ ಮಿಕ್ಕಿದ್ದು ವಾಪಸ್, ಹೀಗೊಂದು ನಿಯಮ ಮಾಡಲು ಆಗುವುದಿಲ್ಲವೇ? ಟೆಸ್ಟ್ ಶಾಟ್‌ಗೂ ಹಾಗೇ. ಟೆಸ್ಟ್ ಎಂದು ಕೊಟ್ಟದ್ದು ಸಿನಿಮಾದಲ್ಲಿ ಬಂದರೆ ಅದಕ್ಕೆ ದುಡ್ಡು ಕೊಡಬೇಕು. ಸರ್ಕಾರದ ಸಬ್ಸಿಡಿ, ಬಾಡಿಗೆ ರಿಯಾಯಿತಿ ಏನೇ ಪಡೆಯುವ ಸ್ಟುಡಿಯೋ ಆದರೂ ಈ ಷರತ್ತಿಗೆ ಸಹಿ ಹಾಕಲಿ. ಸಂಬಳ ಬಾಕಿ ಇಟ್ಟಿಲ್ಲ, ದೂರು ಸಮಿತಿ ಇದೆ ಎಂದು ತೋರಿಸಿದ ಮೇಲೆ ದುಡ್ಡು ಬಿಡುಗಡೆ ಮಾಡಿ.

ಚಿತ್ರಕಲಾ ಶಾಲೆಗಳಲ್ಲಿ ಡಿಜಿಟಲ್ ಆರ್ಟ್ ಸೆಂಟರ್ ಮಾಡುವ ಯೋಜನೆ ನಿಮ್ಮ ಹಳೆಯ ನೀತಿಯಲ್ಲೇ ಇದೆ. ಜಿಲ್ಲೆಗಳಲ್ಲಿ ಅದನ್ನು ಗಟ್ಟಿ ಮಾಡಿದರೆ ನಮ್ಮಂಥ ಮನೆಗಳು ಸರ ಅಡ ಇಡಬೇಕಿಲ್ಲ. ಅಲ್ಲಿ ಬಟನ್ ಒತ್ತುವುದಕ್ಕಿಂತ ಜಾಸ್ತಿ ಚಿತ್ರ ಬರೆಯುವುದನ್ನು, ನೋಡುವುದನ್ನು ಕಲಿಸಲಿ. ಬಟನ್ ಪ್ರತಿ ವರ್ಷ ಬದಲಾಗುತ್ತದೆ.

ಕೊನೆಯದಾಗಿ, ಹೊರದೇಶದ ಕೆಲಸ ನಿಂತಾಗ ಊಟ ಹಾಕುವಂಥ ಕೆಲಸ ಇಲ್ಲೂ ಇರಬೇಕು. ಆರೋಗ್ಯ, ಕೃಷಿ, ಸಾರಿಗೆ ಇಲಾಖೆಗಳು ಎಷ್ಟೊಂದು ಜಾಹೀರಾತು, ತಿಳಿವಳಿಕೆ ವಿಡಿಯೋ ಮಾಡಿಸುತ್ತವೆ. ನಲಿ-ಕಲಿ ಮಕ್ಕಳಿಗೆ ಕನ್ನಡದಲ್ಲಿ ಒಳ್ಳೆಯ ಆನಿಮೇಷನ್ ಪಾಠಗಳು ಬೇಕು. ಅದರಲ್ಲಿ ಒಂದು ಪಾಲನ್ನು ಜಿಲ್ಲೆಗಳ ಸಣ್ಣ ಸಣ್ಣ ತಂಡಗಳಿಗೆ ಕೊಡಿ. ರೇಟನ್ನು ಮೊದಲೇ ಬರೆದು ಕೊಡಿ, ಮಾಡಿದವರ ಹೆಸರು ಹಾಕಿ.

ಇದೆಲ್ಲ ಒಂದೇ ದಿನಕ್ಕೆ ಆಗುವುದಲ್ಲ, ನನಗೂ ಗೊತ್ತು. ಮೊದಲನೆಯದಕ್ಕೆ ಮಾತ್ರ ಹೊಸ ಕಾನೂನು, ಕೋಟಿಗಟ್ಟಲೆ ದುಡ್ಡು ಯಾವುದೂ ಬೇಕಿಲ್ಲ. ಆ ಸಂಸ್ಥೆಗಳನ್ನು ಕರೆಸಿ ಲೆಕ್ಕ ಕೇಳಿದರೆ ಸಾಕು.

ತಮ್ಮ ನನಗೆ ಹೇಳದೆ 5,000 ಟೋಕನ್ ಕಟ್ಟಿ ಬಂದಿದ್ದಾನೆ. ಮಿಕ್ಕ ಮೊದಲ ಕಂತು ಕಟ್ಟಲು ಜೂನ್ 10 ಕೊನೆಯ ದಿನವಂತೆ. ಅಪ್ಪ ಮತ್ತೆ ಕೊಬ್ಬರಿ ರೇಟ್ ನೋಡುತ್ತಾ ಕೂತಿದ್ದಾರೆ. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಅವನಿಗೆ ಓದಿ ಹೇಳುತ್ತೇನೆ. ಬರದಿದ್ದರೆ ನಾನೇ ಆ ಸಂಸ್ಥೆಗೆ ಹೋಗಿ ಮೂರನೇ ಸಾಲಿನಲ್ಲಿರುವ ನನ್ನ ಫೋಟೋ ತೆಗೆಸಿಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿಎಫ್ಎಕ್ಸ್ ಕಲಾವಿದೆ
ಊರು ತಿಪಟೂರು ತಾಲ್ಲೂಕು, ಸದ್ಯ ಬೆಂಗಳೂರು